ಪಿಕಪ್‌ನ ಮುಂದಿನ ಆರ್ಮ್ ಬುಶ್ ಮನೆಯಲ್ಲೇ ಬದಲಿಸುವುದು: ಪ್ರೆಸ್, ಕ್ಯಾಮ್ ಬೋಲ್ಟ್, ಕೊನೆಯ ಬಿಗಿತ

ಹೊಸ_ಪಾನಾ:
ಚಾಸಿ ಮೇಲೆ ಬಾಡಿ ಕೂತಿರುವ ಪಿಕಪ್, ಟೂ ವೀಲ್ ಡ್ರೈವ್. ಮುಂದೆ ಡಬಲ್ ವಿಶ್‌ಬೋನ್, ಅಂದರೆ ಪ್ರತಿ ಚಕ್ರಕ್ಕೆ ಅಪ್ಪರ್, ಲೋವರ್ ಎಂಬ ಎರಡು ಆರ್ಮ್, ಡ್ಯಾಂಪರ್ (ಶಾಕ್ ಅಬ್ಸಾರ್ಬರ್) ಸುತ್ತಲೇ ಕಾಯಿಲ್ ಸ್ಪ್ರಿಂಗ್. ಬ್ರೇಕ್ ಒತ್ತಿದಾಗ ಮುಂದಿನಿಂದ ಒಂದು 'ಟಕ್', ಬಿಟ್ಟಾಗ ಇನ್ನೊಂದು. ಬ್ರೇಕಿನಲ್ಲಿ ಎಡಕ್ಕೆ ಎಳೆಯುತ್ತದೆ, ಎಡ ಟೈರಿನ ಒಳಅಂಚು ಸವೆದಿದೆ, ಅಲೈನ್‌ಮೆಂಟ್ ಮಾಡಿಸಿದರೂ ನಿಲ್ಲುತ್ತಿಲ್ಲ. ಲೋವರ್ ಆರ್ಮನ್ನು ಚಾಸಿಗೆ ಕೂಡಿಸುವ ರಬ್ಬರ್ ಬುಶ್ ಹೋಗಿರಬೇಕು ಅಂತ ಅನುಮಾನ. ಹೈಡ್ರಾಲಿಕ್ ಪ್ರೆಸ್ ಇಲ್ಲದೆ ಮನೆಯಲ್ಲಿ ಆಗುವ ಕೆಲಸವೇ? ಬುಶ್ ಮಾತ್ರ ಸಾಕೋ, ಪೂರ್ತಿ ಆರ್ಮೇ ಹಾಕಬೇಕೋ?

ಚಾಸಿ_ಕೆಳಗೆ:
ಅನುಮಾನ ಸರಿಯಾದ ಕಡೆಗೇ ಇದೆ. ಬ್ರೇಕ್ ಹಿಡಿದಾಗ ರಸ್ತೆ ಟೈರನ್ನು ಹಿಂದಕ್ಕೆ ತಳ್ಳುತ್ತದೆ. ಆ ತಳ್ಳಾಟದ ಹೆಚ್ಚಿನ ಪಾಲನ್ನು ತಡೆಯುವುದು ಲೋವರ್ ಆರ್ಮಿನ ಎರಡು ಬುಶ್. ರಬ್ಬರ್ ಹರಿದ ಬದಿಯ ಚಕ್ರ ಕೆಲವು ಮಿ.ಮೀ. ಹಿಂದೆ ಸರಿದು ನಿಲ್ಲುತ್ತದೆ, ಆ ಕ್ಷಣಕ್ಕೆ ಕ್ಯಾಸ್ಟರ್ (ಬದಿಯಿಂದ ನೋಡಿದಾಗ ಸ್ಟೀರಿಂಗ್ ಅಕ್ಷದ ವಾಲು), ಟೋ (ಮೇಲಿಂದ ನೋಡಿದಾಗ ಚಕ್ರ ಒಳಕ್ಕೋ ಹೊರಕ್ಕೋ ತಿರುಗಿರುವುದು) ಎರಡೂ ಬದಲಾಗುತ್ತವೆ. ನಿಂತ ಗಾಡಿಯಲ್ಲಿ ಅಲೈನ್‌ಮೆಂಟ್ ಯಂತ್ರದ ಅಂಕಿಗಳು ಸರಿಯಾಗಿಯೇ ಕಾಣುತ್ತವೆ, ಓಡುವಾಗ ಅವು ಉಳಿದಿರುವುದಿಲ್ಲ.

ಆದರೆ ಬಿಚ್ಚುವ ಮೊದಲು ಉಳಿದವನ್ನು ಪಟ್ಟಿಯಿಂದ ಹೊಡೆದುಹಾಕಿ. ಬ್ರೇಕಿನಲ್ಲಿ ಎಳೆಯುವುದಕ್ಕೆ ಜಾಮ್ ಆದ ಕ್ಯಾಲಿಪರ್ ಪಿನ್ ಕೂಡ ಕಾರಣವಾಗಬಹುದು. ಸ್ವಲ್ಪ ದೂರ ಓಡಿಸಿ ಎರಡೂ ಬದಿಯ ಡಿಸ್ಕ್ ಬಿಸಿ ಹೋಲಿಸಿ, ಮುಟ್ಟದೆ, ಹತ್ತಿರ ಕೈ ಹಿಡಿದರೆ ಸಾಕು. ಆಮೇಲೆ ಚಕ್ರ ಎತ್ತಿ, 12 ಮತ್ತು 6 ಗಂಟೆಯ ಜಾಗದಲ್ಲಿ ಹಿಡಿದು ಅಲ್ಲಾಡಿಸಿ. ಆಟ ಸಿಕ್ಕರೆ ಇನ್ನೊಬ್ಬರಿಗೆ ಬ್ರೇಕ್ ಒತ್ತಲು ಹೇಳಿ. ಬ್ರೇಕ್ ಒತ್ತಿದಾಗ ಆಟ ಮಾಯವಾದರೆ ವೀಲ್ ಬೇರಿಂಗ್, ಉಳಿದರೆ ಬಾಲ್ ಜಾಯಿಂಟ್ (ಆರ್ಮಿನ ಚಕ್ರದ ಕಡೆಯ ತುದಿಯ ಗುಂಡು ಕೀಲು) ಅಥವಾ ಬುಶ್. 3 ಮತ್ತು 9ರಲ್ಲಿ ಮಾತ್ರ ಆಟ ಇದ್ದರೆ ಸ್ಟೀರಿಂಗಿನ ಟೈ ರಾಡ್ ಕಡೆ ನೋಡಿ.

ಲೋವರ್ ಬಾಲ್ ಜಾಯಿಂಟ್ ನೋಡುವಾಗ ಜಾಕಿಯನ್ನು ಚಾಸಿಗೆ ಕೊಡಬೇಡಿ. ನಿಮ್ಮದರಲ್ಲಿ ಸ್ಪ್ರಿಂಗ್ ಭಾರ ಲೋವರ್ ಆರ್ಮ್ ಮೇಲಿದೆ, ಹಾಗಾಗಿ ಚಾಸಿ ಎತ್ತಿದರೆ ಜಾಯಿಂಟ್ ಬಿಗಿಯಾಗಿಯೇ ಇದ್ದು ಸವೆತ ಕಾಣುವುದಿಲ್ಲ. ಲೋವರ್ ಆರ್ಮಿನ ತುದಿಯಲ್ಲಿ, ಬಾಲ್ ಜಾಯಿಂಟಿಗೆ ಆದಷ್ಟು ಹತ್ತಿರ ಎತ್ತಿ, ಟೈರ್ ಕೆಳಗೆ ಹಾರೆ ಕೊಟ್ಟು ಮೀಟಿ ನೋಡಿ.

ಗ್ರೀಸ್_ಕೈ:
ಬುಶ್ ನೋಡುವುದಕ್ಕೆ ಒಂದು ಸುಲಭದ ದಾರಿ: ಸಮನೆಲದಲ್ಲಿ ಗಾಡಿ ನಿಲ್ಲಿಸಿ, ಆರ್ಮ್ ಮತ್ತು ಬ್ರಾಕೆಟ್ ಕಾಣುವ ಹಾಗೆ ಚಕ್ರದ ಹಿಂದೆ ಬದಿಯಲ್ಲಿ ಫೋನ್ ಇಟ್ಟು ವಿಡಿಯೋ ಹಾಕಿ. ಒಂದು ಅಡಿ ಮುಂದೆ, ಬ್ರೇಕ್, ಒಂದು ಅಡಿ ಹಿಂದೆ, ಬ್ರೇಕ್. ಫೋನ್ ಟೈರಿನ ದಾರಿಯಲ್ಲಿ ಇರಬಾರದು, ಮನುಷ್ಯರಂತೂ ಗಾಡಿ ಕೆಳಗೆ ಇರಲೇಬಾರದು. ಆಮೇಲೆ ನಿಧಾನಗತಿಯಲ್ಲಿ ನೋಡಿದರೆ ಹೋದ ಬುಶ್‌ನ ಆರ್ಮ್ ಬ್ರಾಕೆಟ್ ಒಳಗೆ ಮುಂದೆ ಹಿಂದೆ ಜಿಗಿಯುವುದು ಸ್ಪಷ್ಟವಾಗಿ ಕಾಣುತ್ತದೆ.

ಟಾಮಿ ಹಾಕಿ ನೋಡುವಾಗ ಅದನ್ನು ಆರ್ಮ್ ಮತ್ತು ಬ್ರಾಕೆಟ್ ನಡುವೆ ಕೊಡಿ, ರಬ್ಬರಿಗೆ ಚುಚ್ಚಬೇಡಿ. ಒಳ್ಳೆಯ ಬುಶ್ ತುಸು ಕೊಟ್ಟು ವಾಪಸ್ ಬರುತ್ತದೆ. ಹೋದದ್ದು ಸಡಿಲವಾಗಿ ಸರಿದು ಕಬ್ಬಿಣಕ್ಕೆ ಕಬ್ಬಿಣ ತಗಲುತ್ತದೆ. ಮೇಲ್ಮೈಯಲ್ಲಿ ಕೂದಲೆಳೆ ಬಿರುಕು ಇದ್ದ ಮಾತ್ರಕ್ಕೆ ಬದಲಿಸಬೇಕಾಗಿಲ್ಲ. ರಬ್ಬರ್ ತನ್ನ ನಡುವಿನ ಉಕ್ಕಿನ ಕೊಳವೆಯಿಂದ, ಅಂದರೆ ಒಳ ಸ್ಲೀವ್‌ನಿಂದ, ಬಿಟ್ಟುಕೊಂಡಿದ್ದರೆ, ಸ್ಲೀವ್ ನಡುವಿನಿಂದ ಒಂದು ಕಡೆ ವಾಲಿದ್ದರೆ, ಬಿರುಕಿನೊಳಗೆ ಚಾಕುವಿನ ತುದಿ ಇಳಿಯುವಷ್ಟು ಆಳವಿದ್ದರೆ ಬದಲಿಸಿ. ದ್ರವ ತುಂಬಿದ ಬುಶ್ ಆದರೆ ಕೆಳಗೆ ಜಿಡ್ಡಿನ ಕಲೆ ಕಂಡಾಗಲೇ ಅದರ ಕತೆ ಮುಗಿದಿದೆ.

ಇನ್ನೊಂದು ವಿಷಯ. ಬುಶ್ ಉಬ್ಬಿ ಮೆತ್ತಗಾಗಿದ್ದರೆ ತಲೆ ಎತ್ತಿ ಮೇಲೆ ನೋಡಿ. ಎಂಜಿನ್ ಆಯಿಲ್ ಅಥವಾ ಪವರ್ ಸ್ಟೀರಿಂಗ್ ಆಯಿಲ್ ಅದೇ ಜಾಗಕ್ಕೆ ಹನಿಯುತ್ತಿರುತ್ತದೆ. ಸೋರಿಕೆ ನಿಲ್ಲಿಸದೆ ಹೊಸದು ಹಾಕಿದರೆ ಅದೂ ಹಾಗೆಯೇ ಆಗುತ್ತದೆ.

ಟಾರ್ಕ್_ಮೇಷ್ಟ್ರು:
ಬುಶ್ ಮಾತ್ರವೋ ಆರ್ಮೋ ಎಂಬುದಕ್ಕೆ: ಬಾಲ್ ಜಾಯಿಂಟ್ ಆರ್ಮ್ ಜೊತೆಗೇ ಬರುವ ವಿನ್ಯಾಸವಾಗಿದ್ದು ಅದೂ ಸವೆದಿದ್ದರೆ ಪೂರ್ತಿ ಆರ್ಮ್ ಹಾಕಿ, ಪ್ರೆಸ್ ಕೆಲಸವೇ ತಪ್ಪುತ್ತದೆ. ಬಾಲ್ ಜಾಯಿಂಟ್ ಬೋಲ್ಟ್‌ನಲ್ಲಿ ಬರುವಂಥದ್ದಾಗಿದ್ದು, ಆರ್ಮ್ ನೇರವಾಗಿದ್ದು, ಬುಶ್ ಕೂರುವ ರಂಧ್ರ ಗುಂಡಗೆ ಇದ್ದರೆ ಬುಶ್ ಸಾಕು. ಆದರೆ ಅಗ್ಗದ ಆರ್ಮ್‌ಗಿಂತ ಹಳೆಯ ಒರಿಜಿನಲ್ ಆರ್ಮ್‌ಗೆ ಒಳ್ಳೆಯ ಬುಶ್ ಹಾಕುವುದೇ ಮೇಲು. ಅಗ್ಗದ ಆರ್ಮ್‌ನಲ್ಲಿ ಮೊದಲು ಹೋಗುವುದೇ ಅದರ ಬುಶ್.

ಒಂದೇ ಬದಿ ಮಾಡಬೇಡಿ. ಎಡಕ್ಕೂ ಬಲಕ್ಕೂ ಬೇರೆ ಬೇರೆ ಗಡಸುತನದ ರಬ್ಬರ್ ಇದ್ದರೆ ಎಳೆತ ಪೂರ್ತಿ ಹೋಗುವುದಿಲ್ಲ. ಲೋವರ್‌ಗೆ ಬದಿಗೆ ಎರಡರಂತೆ ನಾಲ್ಕು, ಅಪ್ಪರ್‌ಗೂ ನಾಲ್ಕು. ಜೊತೆಗೆ ಹೊಸ ಕ್ಯಾಮ್ ಬೋಲ್ಟ್ (ಆರ್ಮನ್ನು ಬ್ರಾಕೆಟ್‌ಗೆ ಹಿಡಿಯುವ, ತಿರುಗಿಸಿದರೆ ಅಲೈನ್‌ಮೆಂಟ್ ಬದಲಿಸುವ ಬೋಲ್ಟ್), ಕ್ಯಾಮ್ ವಾಷರ್, ಹೊಸ ಲಾಕ್ ನಟ್, ಹೊಸ ಸ್ಪ್ಲಿಟ್ ಪಿನ್. ಬೋಲ್ಟ್ ಹೊರಬಂದ ಮೇಲೆ ಹುಡುಕಲು ಹೋದರೆ ಗಾಡಿ ಸ್ಟ್ಯಾಂಡ್ ಮೇಲೆಯೇ ಕೂತಿರುತ್ತದೆ.

ಹೊಸ_ಪಾನಾ:
ಫೋನ್ ವಿಡಿಯೋದಲ್ಲಿ ಎಡ ಲೋವರ್ ಆರ್ಮಿನ ಹಿಂದಿನ ಬುಶ್ ಸ್ಪಷ್ಟವಾಗಿ ಜಿಗಿಯುತ್ತಿದೆ. ಬಾಲ್ ಜಾಯಿಂಟ್ ಗಟ್ಟಿ ಇದೆ. ಬಿಚ್ಚುವ ಕ್ರಮ ಹೇಳಿ ಸರ್. ಸ್ಪ್ರಿಂಗ್ ಬಗ್ಗೆ ಸ್ವಲ್ಪ ಭಯ ಇದೆ.

ಟಾರ್ಕ್_ಮೇಷ್ಟ್ರು:
ಭಯ ಇರಲಿ. ನಿಮ್ಮದು ಸ್ಪ್ರಿಂಗ್ ಮತ್ತು ಡ್ಯಾಂಪರ್ ಒಂದೇ ಜೋಡಣೆಯಾಗಿರುವ ಕಾಯಿಲ್ ಓವರ್. ಅದನ್ನು ಇಡಿಯಾಗಿ ಬಿಟ್ಟರೆ ಸ್ಪ್ರಿಂಗ್ ಅದರೊಳಗೇ ಬಂಧಿಯಾಗಿರುತ್ತದೆ. ಮೇಲೆ ಸುತ್ತ ಇರುವ ಮೂರು ಅಥವಾ ನಾಲ್ಕು ನಟ್ ಬಿಚ್ಚಬಹುದು, ನಡುವಿನ ಒಂಟಿ ನಟ್ ಯಾವ ಕಾರಣಕ್ಕೂ ಮುಟ್ಟಬಾರದು. ಸ್ಪ್ರಿಂಗನ್ನು ಹಿಡಿದಿರುವುದು ಅದೊಂದೇ. ಕಾಯಿಲ್ ಬೇರೆಯಾಗಿ ಆರ್ಮ್ ಮತ್ತು ಚಾಸಿ ನಡುವೆ ಕೂತಿರುವ ಗಾಡಿಯವರು ಈ ಕ್ರಮ ಅನುಸರಿಸಬೇಡಿ. ಅಲ್ಲಿ ಆರ್ಮ್ ಬಿಟ್ಟ ಕೂಡಲೇ ಸ್ಪ್ರಿಂಗ್ ಹಾರುತ್ತದೆ, ಒಳಗಿನಿಂದ ಹಿಡಿಯುವ ಕಂಪ್ರೆಸರ್ ಇಲ್ಲದೆ ಕೈ ಹಾಕಬಾರದು.

ಎಲ್ಲಕ್ಕಿಂತ ಮೊದಲು, ಗಾಡಿ ನೆಲದ ಮೇಲಿರುವಾಗಲೇ ಒಂದು ಅಳತೆ ಬರೆದುಕೊಳ್ಳಿ: ಹಬ್ ನಡುವಿನಿಂದ ನೇರ ಮೇಲಕ್ಕೆ ಮಡ್‌ಗಾರ್ಡ್ ಅಂಚಿನವರೆಗೆ, ಎಡ ಬಲ ಎರಡೂ. ನೆಲ ಸಮ ಇರಲಿ, ಟೈರ್ ಗಾಳಿ ಸರಿ ಇರಲಿ, ಹಿಂದೆ ಲೋಡ್ ಬೇಡ. ಈ ಅಳತೆ ಇಲ್ಲದೆ ಕೊನೆಯ ಬಿಗಿತ ಸರಿಯಾಗಿ ಆಗುವುದೇ ಇಲ್ಲ. ಕಾರಣ ಆಮೇಲೆ ಬರೆಯುತ್ತೇನೆ.

ಇನ್ನು ಕೆಲಸ. ಹಿಂದಿನ ಚಕ್ರಗಳಿಗೆ ಮುಂದೆ ಹಿಂದೆ ಎರಡೂ ಕಡೆ ಅಡ್ಡ ಕೊಡಿ, ಹ್ಯಾಂಡ್ ಬ್ರೇಕ್ ಎಳೆಯಿರಿ. ಚಕ್ರದ ನಟ್ ನೆಲದ ಮೇಲಿರುವಾಗಲೇ ಕಾಲು ಸುತ್ತು ಸಡಿಲಿಸಿ. ಚಾಸಿಯ ಎರಡೂ ಬದಿಗೆ ಸ್ಟ್ಯಾಂಡ್ ಕೊಟ್ಟು ಇಳಿಸಿ, ದೂಡಿ ನೋಡಿ, ಆಮೇಲೆ ಕೆಳಗೆ ಹೋಗಿ. ಜಾಕಿ ಎತ್ತುವುದಕ್ಕೆ ಮಾತ್ರ, ಹೊರುವುದು ಸ್ಟ್ಯಾಂಡ್‌ನ ಕೆಲಸ. ಕಲ್ಲು, ಇಟ್ಟಿಗೆ ಬೇಡವೇ ಬೇಡ, ಒತ್ತಡಕ್ಕೆ ಅವು ಸೂಚನೆ ಕೊಡದೆ ಸೀಳುತ್ತವೆ.

ಎಡ ಬಲ ಆರ್ಮ್‌ಗಳನ್ನು ಜೋಡಿಸುವ ಸ್ಟೆಬಿಲೈಸರ್ ಬಾರ್‌ನ ಲಿಂಕನ್ನು ಎರಡೂ ಬದಿ ಬಿಚ್ಚಿ.  ಎಬಿಎಸ್ ವೈರ್ ಮತ್ತು ಬ್ರೇಕ್ ಹೋಸ್‌ನ ಕ್ಲಿಪ್ ಬಿಡಿಸಿ. ಕ್ಯಾಲಿಪರ್ ಬಿಚ್ಚುವುದಾದರೆ ತಂತಿಯಲ್ಲಿ ಚಾಸಿಗೆ ಕಟ್ಟಿ, ಹೋಸ್‌ನಲ್ಲಿ ನೇತುಬಿಡಬೇಡಿ. ಲೋವರ್ ಬಾಲ್ ಜಾಯಿಂಟಿನ ನಟ್ ಪೂರ್ತಿ ತೆಗೆಯದೆ ಕೆಲವು ಎಳೆ (ಥ್ರೆಡ್) ಬಿಟ್ಟು, ನಕಲ್‌ನ (ಹಬ್ ಹೊತ್ತು ಎರಡೂ ಆರ್ಮ್‌ಗೆ ಕೂಡುವ ತುಂಡು) ಟೇಪರ್ ಇರುವ ಕಣ್ಣಿಗೆ ಬದಿಯಿಂದ ಸುತ್ತಿಗೆಯಲ್ಲಿ ಹೊಡೆಯಿರಿ, ಇಲ್ಲವೇ ಸ್ಕ್ರೂ ಪುಲ್ಲರ್ ಹಾಕಿ. ಕವಲಿನ ಫೋರ್ಕ್ ಹೊಡೆದರೆ ರಬ್ಬರ್ ಬೂಟ್ ಹರಿಯುತ್ತದೆ, ಒಳ್ಳೆಯ ಜಾಯಿಂಟ್ ವ್ಯರ್ಥವಾಗುತ್ತದೆ. ಡ್ಯಾಂಪರ್‌ನ ಕೆಳಗಿನ ಬೋಲ್ಟ್ ತೆಗೆಯುವಾಗ ಆರ್ಮ್ ಕೆಳಗೆ ಜಾಕಿ ಇರಲಿ, ಬೋಲ್ಟ್ ಮೇಲಿನ ಭಾರ ಕಳೆದ ಮೇಲೆ ಅದು ಕೈಯಲ್ಲೇ ಬರುತ್ತದೆ.

ಕೊನೆಯದು ಕ್ಯಾಮ್ ಬೋಲ್ಟ್. ತಿರುಗಿಸುವ ಮೊದಲು ಕ್ಯಾಮ್ ಮತ್ತು ಬ್ರಾಕೆಟ್ ಎರಡಕ್ಕೂ ಸೇರಿ ಒಂದು ಗೆರೆ ಗೀಚಿ, ಪೇಂಟ್ ಮಾರ್ಕರ್ ಮೇಲಿಂದ ಹಾಕಿ. ಬರೀ ಪೇಂಟ್ ಆದರೆ ತುಕ್ಕು ಎಣ್ಣೆ ಬಿದ್ದಾಗ ಅಳಿಸಿಹೋಗುತ್ತದೆ. ಫೋಟೋ ಕೂಡ ತೆಗೆಯಿರಿ. ಬೋಲ್ಟ್ ತಲೆ ತಿರುಗಿಸಬಾರದು, ತಲೆ ಹಿಡಿದು ನಟ್ ಬಿಚ್ಚಬೇಕು.

ತುಕ್ಕು_ವೈರಿ:
ಮೇಷ್ಟ್ರೇ, ನಟ್ ಬರುತ್ತದೆ, ಬೋಲ್ಟ್ ಬರುವುದಿಲ್ಲ. ಅಸಲಿ ಗೋಳು ಅಲ್ಲಿದೆ. ಬೋಲ್ಟ್ ಮತ್ತು ಬುಶ್‌ನ ಒಳ ಸ್ಲೀವ್ ತುಕ್ಕು ಹಿಡಿದು ಒಂದಾಗಿಬಿಟ್ಟಿರುತ್ತವೆ. ತಿರುಗಿಸಿದರೆ ಸ್ಲೀವ್ ಸಮೇತ ತಿರುಗುತ್ತದೆ, ರಬ್ಬರ್ ವಾಪಸ್ ಎಳೆಯುತ್ತದೆ. ಹಿಂದಿನ ರಾತ್ರಿಯೇ ಪೆನಿಟ್ರೇಟಿಂಗ್ ಆಯಿಲ್ ಬಿಡಿ, ಆದರೆ ಅದು ಸ್ಲೀವ್‌ನ ಉದ್ದಕ್ಕೆ ಇಳಿಯುವುದು ಕಷ್ಟ ಅನ್ನುವುದೂ ಗೊತ್ತಿರಲಿ. ಬೋಲ್ಟ್ ತುದಿಗೆ ಹೊಡೆಯುವಾಗ ಹಳೆಯ ನಟ್ಟನ್ನು ತುದಿಗೆ ಸಮವಾಗಿ ಸುತ್ತಿ ಹೊಡೆಯಿರಿ, ಎಳೆ ಉಳಿಯುತ್ತದೆ.

ಬರಲೇ ಇಲ್ಲವೆಂದರೆ ಕತ್ತರಿಸುವುದೇ ದಾರಿ. ಬುಶ್ ಮತ್ತು ಬ್ರಾಕೆಟ್ ನಡುವಿನ ಸಂದಿಯಲ್ಲಿ ರೆಸಿಪ್ರೊಕೇಟಿಂಗ್ ಗರಗಸದ ಬ್ಲೇಡ್ ಇಳಿಸಿ, ಎರಡೂ ಕಡೆ ಬೋಲ್ಟ್ ಕತ್ತರಿಸಿದರೆ ಆರ್ಮ್ ಕೆಳಗೆ ಬೀಳುತ್ತದೆ. ಬ್ಲೇಡ್ ಬುಶ್ ಕಡೆಗೆ ವಾಲಿರಲಿ, ಬ್ರಾಕೆಟ್ ಚಾಸಿಗೆ ಬೆಸುಗೆಯಾದದ್ದು, ಅದಕ್ಕೆ ಗಾಯವಾದರೆ ರಿಪೇರಿ ದೊಡ್ಡದು. ಗ್ಯಾಸ್ ಟಾರ್ಚ್ ಬೇಡ. ರಬ್ಬರ್ ಹೊತ್ತಿಕೊಂಡರೆ ಬೇಗ ಆರುವುದಿಲ್ಲ, ಹೊಗೆ ಕೆಟ್ಟದ್ದು, ಪಕ್ಕದಲ್ಲೇ ಬ್ರೇಕ್ ಹೋಸ್ ಇರುತ್ತದೆ.

ಹೊಸ ಬೋಲ್ಟ್ ಹಾಕುವಾಗ ನಯವಾದ ಭಾಗಕ್ಕೆ, ಅಂದರೆ ಸ್ಲೀವ್ ಒಳಗೆ ಕೂರುವ ಕಡೆಗೆ, ಆಂಟಿ ಸೀಜ್ ಪೇಸ್ಟ್ ತೆಳ್ಳಗೆ ಹಚ್ಚಿ. ಮುಂದಿನ ಸಲ ಗರಗಸ ಬೇಕಾಗುವುದಿಲ್ಲ.

ಟಾರ್ಕ್_ಮೇಷ್ಟ್ರು:
ಪೇಸ್ಟ್ ಎಳೆಗೆ ತಗಲಬಾರದು ಅಂತಲೂ ಸೇರಿಸಿ. ಎಳೆ ಜಾರುವಂತಾದರೆ ಅದೇ ಟಾರ್ಕ್‌ಗೆ ಬೋಲ್ಟ್ ಹೆಚ್ಚು ಎಳೆದುಕೊಳ್ಳುತ್ತದೆ. ಕೈಪಿಡಿಯ ಅಂಕಿ ಒಣ ಎಳೆಗೆ ಕೊಟ್ಟದ್ದಾಗಿದ್ದರೆ ಲೆಕ್ಕ ತಪ್ಪುತ್ತದೆ.

ಹೊಸ_ಪಾನಾ:
ಆರ್ಮ್ ಕೆಳಗೆ ಬಂತು ಅಂದುಕೊಳ್ಳೋಣ. ಪ್ರೆಸ್ ಇಲ್ಲ. ಥ್ರೆಡ್ ರಾಡ್ ಮತ್ತು ಪೈಪ್ ತುಂಡಿನಲ್ಲಿ ಆಗುತ್ತದೆಯೇ? ಸುತ್ತಿಗೆಯಲ್ಲಿ ಹೊಡೆದು ಕೂರಿಸುವುದನ್ನೂ ನೋಡಿದ್ದೇನೆ.

ಲೇತ್_ಬದಿ:
ಸುತ್ತಿಗೆಯಲ್ಲಿ ಹೊರಗೆ ತೆಗೆಯಬಹುದು, ಒಳಗೆ ಹಾಕಬಾರದು. ಹೊಡೆತ ಓರೆಯಾದರೆ ಹೊರ ಸ್ಲೀವ್ ಮಡಚುತ್ತದೆ, ಆರ್ಮಿನ ರಂಧ್ರ ಗೀರುತ್ತದೆ.

ರಾಡ್ ಲೆಕ್ಕ ಹೀಗೆ. ರಾಡ್ ಬುಶ್‌ನ ಒಳ ಸ್ಲೀವ್ ಮೂಲಕವೇ ಹೋಗಬೇಕು, ಹಾಗಾಗಿ ಬೋಲ್ಟ್ 14 ಮಿ.ಮೀ. ಆಗಿದ್ದರೆ ಎಂ14ಕ್ಕಿಂತ ದಪ್ಪದ ರಾಡ್ ತೂರುವುದಿಲ್ಲ. ಎಂ14ರ ಎಳೆಯ ವಿಸ್ತೀರ್ಣ 115 ಚದರ ಮಿ.ಮೀ. 8.8 ದರ್ಜೆಯ ರಾಡ್ ಸುಮಾರು 6.5 ಟನ್ ಎಳೆತವನ್ನು ಹಿಗ್ಗದೆ ತಾಳುತ್ತದೆ. ಎಲ್ಲ ಕಡೆ ಸಿಗುವ ಮೆದು ಉಕ್ಕಿನ ರಾಡ್ ಅದರ ಅರ್ಧಕ್ಕೂ ಸೋಲುತ್ತದೆ, ಎಳೆ ಹಿಗ್ಗಿ ನಟ್ ಅಲ್ಲೇ ಕಚ್ಚಿಕೊಳ್ಳುತ್ತದೆ. 4 ಟನ್ ಒತ್ತಡಕ್ಕೆ ಎಂ14 ನಟ್ ಮೇಲೆ ಸುಮಾರು 110 ನ್ಯೂಟನ್ ಮೀಟರ್ ಹಾಕಬೇಕಾಗುತ್ತದೆ. ಅಂದರೆ ಉದ್ದ ಹಿಡಿಯ ಸ್ಪ್ಯಾನರ್‌ಗೆ ಆಗುವ ಕೆಲಸವೇ. ನಟ್ ಕೆಳಗೆ ಗಡಸು ವಾಷರ್, ಸಾಧ್ಯವಾದರೆ ಥ್ರಸ್ಟ್ ಬೇರಿಂಗ್, ಎಳೆಗೆ ಮಾಲಿಬ್ಡಿನಮ್ ಗ್ರೀಸ್. ಇಂಪ್ಯಾಕ್ಟ್ ಗನ್ ಹಾಕಬೇಡಿ, ಎಳೆ ಬಿಸಿಯಾಗಿ ಅಂಟುತ್ತದೆ. ರಾಡಿನ ನೇರಕ್ಕೆ ಮುಖ ಇಟ್ಟುಕೊಂಡು ಎಳೆಯಬೇಡಿ, ತುಂಡಾದರೆ ಅದು ಆ ದಿಕ್ಕಿಗೇ ಹಾರುತ್ತದೆ.

ಎರಡು ಬಟ್ಟಲು ಬೇಕು. ತಳ್ಳುವ ಬಟ್ಟಲಿನ ಹೊರವ್ಯಾಸ ಆರ್ಮ್ ರಂಧ್ರಕ್ಕಿಂತ ಸುಮಾರು 1 ಮಿ.ಮೀ. ಕಡಿಮೆ ಇದ್ದು, ಅದು ಹೊರ ಸ್ಲೀವ್‌ನ ಅಂಚಿನ ಮೇಲೆ ಮಾತ್ರ ಕೂರಬೇಕು. ಸ್ವೀಕರಿಸುವ ಬಟ್ಟಲಿನ ಒಳವ್ಯಾಸ ಬುಶ್‌ಗಿಂತ 2–3 ಮಿ.ಮೀ. ಹೆಚ್ಚು. ದಪ್ಪ ಗೋಡೆಯ ಪೈಪ್ ಅಥವಾ ದೊಡ್ಡ ಇಂಪ್ಯಾಕ್ಟ್ ಸಾಕೆಟ್ ಆಗುತ್ತದೆ. ಬುಶ್‌ಗೆ ಅಂಚಿನ ಬಳೆ ಇದ್ದರೆ ಅದು ಯಾವ ಬದಿಗಿದೆಯೋ ಆ ಬದಿಗೇ ಹೊರಬರಬೇಕು, ತಿರುಗುಮುರುಗಾಗಿ ತಳ್ಳಿದರೆ ಎಷ್ಟು ಟನ್ ಹಾಕಿದರೂ ಅಲ್ಲಾಡುವುದಿಲ್ಲ.

ತಗಡು ಒತ್ತಿ ಮಾಡಿದ ಆರ್ಮ್ ಆಗಿದ್ದರೆ ಬುಶ್ ಎರಡು ತೆಳು ಗೋಡೆಗಳ ನಡುವೆ ಕೂತಿರುತ್ತದೆ. ಒತ್ತುವಾಗ ಆ ಗೋಡೆಗಳು ಒಳಕ್ಕೆ ಮಡಚದಂತೆ ನಡುವೆ ಸರಿಯಾದ ಅಳತೆಯ ಸೀಳು ಪೈಪ್ ಅಡ್ಡ ಕೊಡಿ. ಇದನ್ನು ಬಿಟ್ಟವರೇ ಹೆಚ್ಚು. ಆರ್ಮ್ ಬಾಗಿದ್ದು ಅಲೈನ್‌ಮೆಂಟ್‌ನಲ್ಲಿ ಕ್ಯಾಂಬರ್ (ಮುಂದಿನಿಂದ ನೋಡಿದಾಗ ಚಕ್ರದ ವಾಲು) ಸಿಗದಿದ್ದಾಗ ಗೊತ್ತಾಗುತ್ತದೆ.

ಗ್ರೀಸ್_ಕೈ:
ಹಳೆಯದನ್ನು ತೆಗೆಯುವ ಮೊದಲು ಅದರ ಫೋಟೋ, ಮತ್ತು ಎರಡೂ ಬದಿ ಸ್ಲೀವ್ ಎಷ್ಟು ಹೊರಚಾಚಿದೆ ಅನ್ನುವ ಅಳತೆ ವರ್ನಿಯರ್‌ನಲ್ಲಿ ತೆಗೆದುಕೊಳ್ಳಿ. ರಬ್ಬರ್‌ನಲ್ಲಿ ಅರ್ಧಚಂದ್ರದ ಟೊಳ್ಳು ಇರುವ ಬುಶ್‌ಗಳಿಗೆ ದಿಕ್ಕು ಇದೆ. ಟೊಳ್ಳಿನ ದಿಕ್ಕಿಗೆ ಮೆದು, ಅದಕ್ಕೆ ಅಡ್ಡವಾಗಿ ಗಡಸು. 90 ಡಿಗ್ರಿ ತಿರುಗಿಸಿ ಕೂರಿಸಿದರೆ ಬ್ರೇಕಿನಲ್ಲಿ ಗಾಡಿ ಹಳೆಯದಕ್ಕಿಂತ ಕೆಟ್ಟದಾಗಿ ನಡೆದುಕೊಳ್ಳುತ್ತದೆ, ಹೊಸ ಬುಶ್ ಅಂತ ಯಾರೂ ಅದರ ಮೇಲೆ ಅನುಮಾನವನ್ನೂ ಪಡುವುದಿಲ್ಲ. ಹೊರ ಸ್ಲೀವ್ ಮೇಲೆ ಬಾಣ ಅಥವಾ ಗುಂಡಿ ಗುರುತು ಇರುತ್ತದೆ, ಆರ್ಮ್ ಮೇಲೆ ಅದರ ನೇರಕ್ಕೆ ಗೆರೆ ಹಾಕಿಡಿ.

ರಬ್ಬರ್ ಮತ್ತು ಒಳ ಸ್ಲೀವ್ ಕಿತ್ತು ಬಂದು ಹೊರ ಸ್ಲೀವ್ ಮಾತ್ರ ಆರ್ಮ್‌ನಲ್ಲೇ ಉಳಿದರೆ ಗಾಬರಿ ಬೇಡ. ಹ್ಯಾಕ್ಸಾ ಬ್ಲೇಡನ್ನು ರಂಧ್ರದೊಳಗೆ ತೂರಿಸಿ ಕಟ್ಟಿಕೊಂಡು, ಸ್ಲೀವ್ ಗೋಡೆಯನ್ನು ಉದ್ದಕ್ಕೆ ಸೀಳಿ. ಪೂರ್ತಿ ಸೀಳಬೇಕಿಲ್ಲ. ಆರ್ಮ್ ಮುಟ್ಟುವ ಮುನ್ನ ನಿಲ್ಲಿಸಿ, ಉಳಿದದ್ದನ್ನು ಉಳಿಯಿಂದ ಒಳಕ್ಕೆ ಬಗ್ಗಿಸಿದರೆ ಸ್ಲೀವ್ ಸಡಿಲವಾಗಿ ಬೀಳುತ್ತದೆ. ಆಮೇಲೆ ರಂಧ್ರಕ್ಕೆ 120ರ ಎಮರಿ. ತುಕ್ಕು ಹೋದರೆ ಸಾಕು, ಹೊಳೆಯುವವರೆಗೆ ಉಜ್ಜಿದರೆ ಬಿಗಿ ಕಳೆದುಹೋಗುತ್ತದೆ.

ಹೊಸ_ಪಾನಾ:
ಹೊಸ ಬುಶ್ ಫ್ರೀಜರ್‌ನಲ್ಲಿಟ್ಟರೆ ಸುಲಭವಾಗುತ್ತದೆ ಅನ್ನುತ್ತಾರಲ್ಲ?

ಲೇತ್_ಬದಿ:
ಆಗುತ್ತದೆ, ಹೇಳುವಷ್ಟಲ್ಲ. 45 ಮಿ.ಮೀ. ವ್ಯಾಸದ ಉಕ್ಕಿನ ಸ್ಲೀವ್ 40 ಡಿಗ್ರಿ ತಣಿದರೆ ಸುಮಾರು 0.02 ಮಿ.ಮೀ. ಕುಗ್ಗುತ್ತದೆ, ಕೈಗೆ ತಂದು ಜೋಡಿಸುವಷ್ಟರಲ್ಲಿ ಅದರಲ್ಲೂ ಸ್ವಲ್ಪ ಕಳೆದುಹೋಗುತ್ತದೆ. ಆರ್ಮನ್ನು ಬಿಸಿ ಮಾಡುವುದು ಹೆಚ್ಚು ಲಾಭ, ಅದರಲ್ಲೂ ಅಲ್ಯೂಮಿನಿಯಂ ಆರ್ಮ್ ಆದರೆ. 75 ಡಿಗ್ರಿ ಏರಿಸಿದರೆ ಅದೇ 45 ಮಿ.ಮೀ. ರಂಧ್ರ 0.08ರ ಹತ್ತಿರ ಹಿಗ್ಗುತ್ತದೆ, ಉಕ್ಕಿನದು 0.04. ಹೀಟ್ ಗನ್ ಸಾಕು, ಬೆಂಕಿ ಬೇಡ. ಬಾಲ್ ಜಾಯಿಂಟ್ ಇರುವ ತುದಿ ಬಿಸಿಯಾಗಬಾರದು, ಬೂಟ್ ಮತ್ತು ಒಳಗಿನ ಗ್ರೀಸ್ ಹಾಳಾಗುತ್ತದೆ.

ಜಾರಲು ಸೋಪು ನೀರು. ಆಯಿಲ್, ಪೆಟ್ರೋಲಿಯಂ ಗ್ರೀಸ್ ಬೇಡ. ರಬ್ಬರಿಗೆ ತಗಲಿದರೆ ಉಬ್ಬುತ್ತದೆ, ಮೇಲಾಗಿ ಸ್ಲೀವ್ ಮುಂದೆ ಎಂದೋ ರಂಧ್ರದಲ್ಲಿ ಜರುಗಬಹುದು. ಮೊದಲ 2–3 ಮಿ.ಮೀ. ನೇರವಾಗಿ ಇಳಿಯುತ್ತಿದೆಯೇ ಅಂತ ನಾಲ್ಕು ಕಡೆ ಅಳೆದು ನೋಡಿ. ಓರೆಯಾಗಿದ್ದರೆ ಅಲ್ಲೇ ಹಿಂತೆಗೆಯಿರಿ, ಒತ್ತಡ ಹೆಚ್ಚಿಸಿ ನೇರ ಮಾಡಲು ಹೋಗಬೇಡಿ. ಕೈಯಿಂದಲೇ ಒಳಗೆ ಹೋಗುವಷ್ಟು ಸಡಿಲವಾಗಿದ್ದರೆ ರಂಧ್ರ ಅಗಲವಾಗಿದೆ. ಅಂಟು ಹಾಕಿ, ಬೆಸುಗೆ ಚುಕ್ಕೆ ಹಾಕಿ ನಿಲ್ಲಿಸುವ ಕೆಲಸ ಅಲ್ಲ ಇದು. ಆರ್ಮ್ ಬದಲಿಸಿ.

ಮಣ್ಣು_ರಸ್ತೆ:
ಇಷ್ಟೆಲ್ಲಾ ಮಾಡುವಾಗ ಪಾಲಿಯುರೆಥೇನ್ ಯಾಕೆ ಹಾಕಬಾರದು? ಎರಡು ಅರ್ಧ ತುಂಡಾಗಿ ಬರುತ್ತದೆ, ಕೈಯಲ್ಲೇ ಕೂರುತ್ತದೆ, ಪ್ರೆಸ್ಸೇ ಬೇಡ. ಆಯಿಲ್‌ಗೂ ಜಗ್ಗುವುದಿಲ್ಲ.

ಚಾಸಿ_ಕೆಳಗೆ:
ಹಾಕಬಹುದು, ಏನು ಕೊಟ್ಟು ಏನು ತೆಗೆದುಕೊಳ್ಳುತ್ತೀರಿ ಅಂತ ತಿಳಿದು. ರಬ್ಬರ್ ಬುಶ್ ತಿರುಗುವುದಿಲ್ಲ, ಒಳಗೂ ಹೊರಗೂ ಅಂಟಿಕೊಂಡೇ ತಿರುಚುತ್ತದೆ, ಗ್ರೀಸ್ ಬೇಕಿಲ್ಲ. ಪಾಲಿ ತನ್ನ ಸ್ಲೀವ್ ಮೇಲೆ ಜಾರಿ ತಿರುಗುತ್ತದೆ, ಹಾಗಾಗಿ ಗ್ರೀಸ್ ಒಣಗಿದ ದಿನ ಕಿರುಗುಟ್ಟಲು ಶುರು. ಕಿಟ್ ಜೊತೆ ಬರುವ ದಪ್ಪ ಸಿಲಿಕೋನ್ ಗ್ರೀಸನ್ನೇ ಹಾಕಬೇಕು, ಕೆಸರು ನೀರಿನಲ್ಲಿ ಓಡುವ ಗಾಡಿಗೆ ಮತ್ತೆ ಬಿಚ್ಚಿ ಹಾಕಬೇಕು. ಸ್ಟೀರಿಂಗ್ ಬಿಗಿ ಅನಿಸುತ್ತದೆ ನಿಜ, ರಸ್ತೆಯ ಸಣ್ಣ ನಡುಕವೂ ಚಾಸಿಗೆ ಬರುತ್ತದೆ. ಹಲವು ಕಿಟ್‌ಗಳಲ್ಲಿ ಹಳೆಯ ಹೊರ ಸ್ಲೀವ್ ಆರ್ಮ್‌ನಲ್ಲೇ ಉಳಿಸಬೇಕು, ಅದರ ಸೂಚನೆ ಓದದೆ ಸ್ಲೀವ್ ಕಿತ್ತರೆ ಪಾಲಿ ಸಡಿಲವಾಗಿ ಕೂರುತ್ತದೆ. ಸ್ಟೆಬಿಲೈಸರ್ ಬಾರ್‌ನ ಡಿ ಆಕಾರದ ಬುಶ್‌ಗೆ ಪಾಲಿ ಒಳ್ಳೆಯದು. ಲೋವರ್ ಆರ್ಮ್‌ಗೆ, ದಿನಬಳಕೆಯ ಗಾಡಿಯಲ್ಲಿ, ನನ್ನ ಮತ ರಬ್ಬರಿಗೇ.

ಮಣ್ಣು_ರಸ್ತೆ:
ಕಿರುಗುಟ್ಟುವುದು ಗ್ರೀಸ್ ಹಚ್ಚುವುದರಲ್ಲಿ ಮಾಡಿದ ಜಿಪುಣತನದಿಂದ. ಒಳಗೆ, ಹೊರಗೆ, ಬ್ರಾಕೆಟ್‌ಗೆ ಉಜ್ಜುವ ಮುಖಕ್ಕೆ, ಮೂರೂ ಕಡೆ ಹಚ್ಚಬೇಕು. ಉಳಿದದ್ದು ಒಪ್ಪುತ್ತೇನೆ.

ಟಾರ್ಕ್_ಮೇಷ್ಟ್ರು:
ಕೊನೆಯ ಬಿಗಿತದ ಬಗ್ಗೆ ಬರೆಯುತ್ತೇನೆ ಅಂದಿದ್ದೆ. ಮನೆಯಲ್ಲಿ ಮಾಡಿದ ಕೆಲಸವೂ, ಎಷ್ಟೋ ಗ್ಯಾರೇಜಿನ ಕೆಲಸವೂ ಕೆಡುವುದು ಇಲ್ಲೇ.

ಮೇಲೆ ಹೇಳಿದಂತೆ ರಬ್ಬರ್ ಎರಡೂ ಸ್ಲೀವ್‌ಗೆ ಅಂಟಿದೆ. ಬೋಲ್ಟ್ ಬಿಗಿದಾಗ ಒಳ ಸ್ಲೀವ್ ಬ್ರಾಕೆಟ್‌ನ ಎರಡು ಕಿವಿಗಳ ನಡುವೆ ಸಿಕ್ಕಿ ಚಾಸಿಯ ಭಾಗವೇ ಆಗಿಬಿಡುತ್ತದೆ. ಹೊರ ಸ್ಲೀವ್ ಆರ್ಮಿನ ಜೊತೆ ಏರಿ ಇಳಿಯುತ್ತದೆ. ನಡುವಿನ ರಬ್ಬರ್ ಒದ್ದೆ ಬಟ್ಟೆ ಹಿಂಡಿದ ಹಾಗೆ ತಿರುಚಿ ವಾಪಸ್ ಬರುತ್ತದೆ. ಬೋಲ್ಟ್ ಬಿಗಿದಾಗ ಆರ್ಮ್ ಯಾವ ಕೋನದಲ್ಲಿತ್ತೋ ಅದೇ ರಬ್ಬರಿನ ವಿಶ್ರಾಂತಿ ಕೋನ.

ಈಗ ಗಾಡಿ ಸ್ಟ್ಯಾಂಡ್ ಮೇಲಿದ್ದು ಆರ್ಮ್ ಪೂರ್ತಿ ಕೆಳಗೆ ಜೋತಿರುವಾಗ ಬಿಗಿದುಬಿಟ್ಟರೆ? ಗಾಡಿ ನೆಲಕ್ಕೆ ಇಳಿದ ಕೂಡಲೇ ರಬ್ಬರ್ ಒಂದೇ ದಿಕ್ಕಿಗೆ ತಿರುಚಿ ನಿಲ್ಲುತ್ತದೆ, ನಿಂತ ಗಾಡಿಯಲ್ಲೂ. ಹಳ್ಳಕ್ಕೆ ಬಿದ್ದಾಗ ಆರ್ಮ್ ಇನ್ನೂ ಮೇಲೇರುತ್ತದೆ, ತಿರುಚುವಿಕೆ ಮಿತಿ ದಾಟುತ್ತದೆ. ವರ್ಷಗಟ್ಟಲೆ ಬರಬೇಕಾದ ಬುಶ್ ಕೆಲವೇ ತಿಂಗಳಲ್ಲಿ ಸ್ಲೀವ್ ಬಿಟ್ಟು ಹರಿಯುತ್ತದೆ. ಮುಂಭಾಗ ತುಸು ಎತ್ತರ ನಿಲ್ಲುವುದೂ ಉಂಟು. ಜನ ಬುಶ್ ಕಂಪನಿಯನ್ನು ಬೈಯುತ್ತಾರೆ.

ಹಾಗಾಗಿ ಬೋಲ್ಟ್‌ಗಳನ್ನೆಲ್ಲ ಹಾಕಿ, ಆರ್ಮ್ ಸಲೀಸಾಗಿ ಆಡುವಷ್ಟು ಮಾತ್ರ ನಟ್ ಸುತ್ತಿ ಬಿಡಿ. ಬಾಲ್ ಜಾಯಿಂಟ್ ನಟ್ ಮಾತ್ರ ಈಗಲೇ ಪೂರ್ತಿ ಬಿಗಿಯಬಹುದು. ಸ್ಪ್ಲಿಟ್ ಪಿನ್ ರಂಧ್ರ ಕೂಡದಿದ್ದರೆ ಇನ್ನಷ್ಟು ಬಿಗಿದು ಕೂಡಿಸಿ, ಸಡಿಲಿಸಿ ಕೂಡಿಸಬೇಡಿ. ಆಮೇಲೆ ಲೋವರ್ ಆರ್ಮ್ ತುದಿಗೆ ಜಾಕಿ ಕೊಟ್ಟು, ಹಬ್ ನಡುವಿನಿಂದ ಮಡ್‌ಗಾರ್ಡ್ ಅಂಚಿಗೆ ಮೊದಲು ಬರೆದುಕೊಂಡ ಅಳತೆ ಬರುವವರೆಗೆ ಎತ್ತಿ. ಎತ್ತುವಾಗ ಕಣ್ಣು ಸ್ಟ್ಯಾಂಡ್ ಮೇಲಿರಲಿ. ಚಾಸಿ ಸ್ಟ್ಯಾಂಡ್‌ನಿಂದ ಏಳತೊಡಗಿದರೆ ನಿಲ್ಲಿಸಿ. ಅಂಥ ಗಾಡಿಯಲ್ಲಿ ಚಕ್ರ ಹಾಕಿ, ಟೈರ್ ಕೆಳಗೆ ಅಗಲವಾದ ದಪ್ಪ ಮರದ ಹಲಗೆಗಳನ್ನು ಜೋಡಿಸಿ ನಾಲ್ಕೂ ಚಕ್ರ ಒಂದೇ ಮಟ್ಟಕ್ಕೆ ಬರುವಂತೆ ಇಳಿಸಿ, ಕೆಳಗಿನಿಂದ ಬಿಗಿಯುವುದೇ ಸರಿ.

ಟಾರ್ಕ್ ಅಂಕಿ ನಿಮ್ಮ ಗಾಡಿಯ ಕೈಪಿಡಿಯಿಂದಲೇ ಬರಬೇಕು. ಪಿಕಪ್‌ಗಳ ಲೋವರ್ ಆರ್ಮ್ ಬೋಲ್ಟ್‌ಗೆ 130 ನ್ಯೂಟನ್ ಮೀಟರ್ ಇರುವುದೂ ಇದೆ, 200 ದಾಟುವುದೂ ಇದೆ. ಅಂದಾಜಿಗೆ ಬಿಗಿಯುವ ಬೋಲ್ಟ್ ಇದಲ್ಲ. ಸಡಿಲವಾದರೆ ಒಳ ಸ್ಲೀವ್ ಬ್ರಾಕೆಟ್‌ನಲ್ಲಿ ತಿರುಗಿ ಕಿವಿಗಳನ್ನು ತಿನ್ನುತ್ತದೆ, ಅಲೈನ್‌ಮೆಂಟ್ ಜರುಗುತ್ತದೆ.

ಫೋರ್‌ವೀಲ್:
ಫೋರ್ ವೀಲ್ ಡ್ರೈವ್‌ನವರಿಗೆ ಒಂದು ಸೇರಿಸಿ: ಬಾಲ್ ಜಾಯಿಂಟ್ ಬಿಟ್ಟ ಮೇಲೆ ನಕಲ್ ಹೊರಕ್ಕೆ ಜಾರಿದರೆ ಡ್ರೈವ್ ಶಾಫ್ಟ್‌ನ ಒಳ ಜಾಯಿಂಟ್ ಕಳಚಿಕೊಳ್ಳುತ್ತದೆ. ನಕಲನ್ನು ಅಪ್ಪರ್ ಆರ್ಮ್‌ಗೆ ತಂತಿಯಲ್ಲಿ ಕಟ್ಟಿ ನೇರ ನಿಲ್ಲಿಸಿ.

ಇನ್ನು ನನ್ನ ಪ್ರಶ್ನೆ. ಗಾಡಿ ಟಾರ್ಷನ್ ಬಾರ್‌ನದು, ಅಂದರೆ ಕಾಯಿಲ್ ಬದಲು ತಿರುಚುವ ಉಕ್ಕಿನ ಸಲಾಕೆಯೇ ಸ್ಪ್ರಿಂಗ್. ಕ್ರಮ ಎಲ್ಲಿ ಬದಲಾಗುತ್ತದೆ? ಮುಂದೆ 2 ಇಂಚು ಎತ್ತರಿಸಲಾಗಿದೆ ಕೂಡ.

ಚಾಸಿ_ಕೆಳಗೆ:
ಆರ್ಮ್ ಮುಟ್ಟುವ ಮೊದಲು ಬಾರ್‌ನ ತಿರುಚು ಇಳಿಸಬೇಕು. ಬಾರ್‌ನ ತಿರುಚು ಹೊಂದಿಸುವ ಆಂಕರ್ ಬೋಲ್ಟ್ ಎಷ್ಟು ಹೊರಚಾಚಿದೆ ಅಳೆಯಿರಿ. ಬಾರ್, ಆಂಕರ್ ಆರ್ಮ್, ಸಸ್ಪೆನ್ಷನ್ ಆರ್ಮ್ ಮೂರಕ್ಕೂ ಸ್ಪ್ಲೈನ್ (ಬಾರ್ ತುದಿಯ ಹಲ್ಲುಗಳು) ಕೂಡುವ ಜಾಗದಲ್ಲಿ ಗೆರೆ ಹಾಕಿ. ಚಕ್ರ ಪೂರ್ತಿ ಜೋತುಬಿಟ್ಟು, ಸುತ್ತು ಎಣಿಸುತ್ತಾ ಸಡಿಲಿಸಿ. ಪೂರ್ತಿ ಜೋತಿದ್ದರೂ ಆ ಬೋಲ್ಟ್ ಮೇಲೆ ಭಾರ ಉಳಿದೇ ಇರುತ್ತದೆ, ಹಾಗಾಗಿ ಆಂಕರ್ ಆರ್ಮಿನ ನೇರಕ್ಕೆ ತಲೆ ತರಬೇಡಿ. ಕೆಲವು ಗಾಡಿಗೆ ಇದಕ್ಕೆಂದೇ ಪುಲ್ಲರ್ ಬೇಕು. ಎಡದ ಬಾರ್ ಬಲಕ್ಕೆ ಹಾಕಬಾರದು, ತುದಿಯಲ್ಲಿ ಗುರುತು ನೋಡಿ.

ಇಲ್ಲಿ ಕೊನೆಯ ಬಿಗಿತದ ಕ್ರಮ ತುಸು ತಿರುವು ಪಡೆಯುತ್ತದೆ. ಬಾರ್ ಸಡಿಲವಿರುವಾಗ ಎತ್ತರವೇ ಇರುವುದಿಲ್ಲ. ಮೊದಲು ಬಾರ್ ಬಿಗಿದು, ಗಾಡಿ ಇಳಿಸಿ, ಸ್ವಲ್ಪ ಹಿಂದೆ ಮುಂದೆ ಉರುಳಿಸಿ, ಬಯಸಿದ ಎತ್ತರಕ್ಕೆ ಹೊಂದಿಸಿ, ಆಮೇಲೆ ಬುಶ್ ಬೋಲ್ಟ್ ಬಿಗಿಯಿರಿ. ಎತ್ತರಿಸಿದ ಗಾಡಿಗೆ ಕಂಪನಿಯ ಎತ್ತರ ಲೆಕ್ಕಕ್ಕಿಲ್ಲ, ನೀವು ಓಡಿಸುವ ಎತ್ತರವೇ ಲೆಕ್ಕ. ಹಿಂದೆ ಎತ್ತರಿಸುವಾಗ ಬುಶ್ ಬೋಲ್ಟನ್ನು ಸಡಿಲಿಸಿ ಹೊಸ ಎತ್ತರದಲ್ಲಿ ಮತ್ತೆ ಬಿಗಿಯುವ ಕೆಲಸವನ್ನೇ ಮಾಡಿರದಿದ್ದರೆ, ಈ ಬುಶ್ ಬೇಗ ಹೋದದ್ದಕ್ಕೆ ಅದೇ ಕಾರಣವಿರಬಹುದು.

ಹೊಸ_ಪಾನಾ:
ಅಲೈನ್‌ಮೆಂಟ್ ಜಾಗದವರೆಗೆ ಓಡಿಸಿಕೊಂಡು ಹೋಗಬೇಕು. ಗುರುತಿಗೆ ಸರಿಯಾಗಿ ಕ್ಯಾಮ್ ಕೂರಿಸಿದರೆ ಸಾಕೇ?

ಗ್ರೀಸ್_ಕೈ:
ಅಲ್ಲಿಗೆ ಹೋಗುವ ಮಟ್ಟಿಗೆ ಸಾಕು. ಹಳೆಯ ಬುಶ್ ವಾಲಿದ್ದಾಗಿನ ಗುರುತು ಅದು, ಹೊಸದಕ್ಕೆ ಸರಿಹೊಂದುತ್ತದೆ ಅಂತ ನಂಬಬೇಡಿ. ಟೋ ಒಂದನ್ನು ದಾರದಲ್ಲಿ ನೋಡಿಕೊಳ್ಳಿ: ಹಬ್ ಎತ್ತರದಲ್ಲಿ ಎರಡು ಟೈರ್‌ಗಳ ನಡುವಿನ ಅಂತರ ಮುಂಬದಿಯಲ್ಲಿ ಹಿಂಬದಿಗಿಂತ 1–3 ಮಿ.ಮೀ. ಕಡಿಮೆ ಇದ್ದರೆ ನಿಧಾನವಾಗಿ ಹೋಗಬಹುದು.

ಅಲ್ಲಿ ಕ್ಯಾಸ್ಟರ್, ಕ್ಯಾಂಬರ್ ಮೊದಲು, ಟೋ ಕೊನೆಗೆ. ಎರಡು ಕ್ಯಾಮ್ ಒಂದೇ ದಿಕ್ಕಿಗೆ ಸರಿದರೆ ಕ್ಯಾಂಬರ್, ಎದುರು ದಿಕ್ಕಿಗೆ ಸರಿದರೆ ಕ್ಯಾಸ್ಟರ್. ಕ್ಯಾಮ್ ತಿರುಗಿಸುವಾಗ ನಟ್ ಸಡಿಲಿಸಲೇಬೇಕು, ಗಾಡಿ ಚಕ್ರದ ಮೇಲಿದೆ, ಹಾಗಾಗಿ ಅಲ್ಲಿ ಮತ್ತೆ ಬಿಗಿಯುವುದು ಸರಿಯಾದ ಎತ್ತರದಲ್ಲೇ ಆಗುತ್ತದೆ. ಆದರೆ ಟಾರ್ಕ್ ರೆಂಚ್ ಹಾಕಿ ಬಿಗಿಯಲು ಹೇಳಿ, ಕ್ಯಾಮ್ ತಲೆ ಅಲ್ಲಾಡದಂತೆ ಹಿಡಿದು ನಟ್ಟನ್ನು ಮಾತ್ರ ತಿರುಗಿಸಬೇಕು.

ಎಳೆತ ಇನ್ನೂ ಉಳಿದರೆ ಅಂಕಿ ಪಟ್ಟಿ ಕೇಳಿ ನೋಡಿ. ಕ್ಯಾಸ್ಟರ್ ಕಡಿಮೆ ಇರುವ ಬದಿಗೆ ಗಾಡಿ ಎಳೆಯುತ್ತದೆ, ಎರಡು ಬದಿಗೂ ಅರ್ಧ ಡಿಗ್ರಿಗಿಂತ ಹೆಚ್ಚು ವ್ಯತ್ಯಾಸ ಒಳ್ಳೆಯದಲ್ಲ. ಕ್ಯಾಮ್ ಕೊನೆಯವರೆಗೆ ತಿರುಗಿಸಿದರೂ ಅಂಕಿ ಸಿಗದಿದ್ದರೆ ಆರ್ಮ್ ಅಥವಾ ಬ್ರಾಕೆಟ್ ಬಾಗಿದೆ, ಇಲ್ಲವೇ ಬುಶ್ ಪೂರ್ತಿ ಆಳಕ್ಕೆ ಕೂತಿಲ್ಲ.

ತುಕ್ಕು_ವೈರಿ:
ಸುಮಾರು 500 ಕಿ.ಮೀ. ಆದ ಮೇಲೆ ಚಕ್ರ ನೆಲದ ಮೇಲಿರುವಾಗಲೇ ಎಲ್ಲ ನಟ್‌ಗೆ ಟಾರ್ಕ್ ರೆಂಚ್ ಹಾಕಿ ನೋಡಿ. ನಟ್ ಮತ್ತು ಬ್ರಾಕೆಟ್‌ಗೆ ಸೇರಿ ಒಂದು ಪೇಂಟ್ ಗೆರೆ ಎಳೆದಿಟ್ಟರೆ ಆಮೇಲೆ ರೆಂಚ್ ಇಲ್ಲದೆಯೇ ಬಗ್ಗಿ ನೋಡಿದರೆ ಗೊತ್ತಾಗುತ್ತದೆ. ಟಕ್ ಸದ್ದು ಹಾಗೆಯೇ ಉಳಿದಿದ್ದರೆ ಹೊಸ ಬುಶ್ ಬಿಚ್ಚಲು ಹೋಗಬೇಡಿ. ಮೊದಲು ಸ್ಟೆಬಿಲೈಸರ್ ಲಿಂಕ್, ಡ್ಯಾಂಪರ್‌ನ ಕೆಳಗಿನ ಬೋಲ್ಟ್, ಕ್ಯಾಲಿಪರ್ ಬೋಲ್ಟ್. ಬಿಚ್ಚಿ ಹಾಕಿದ್ದರಲ್ಲಿ ಬಿಗಿಯಲು ಮರೆಯುವುದು ಈ ಮೂರನ್ನೇ.